ಜನವರಿಯಲ್ಲಿ ಆಟಗಾರ ಬೇಕು ಅಂದರೆ ನಾನು ಮೊದಲು ತೆಗೆಯುವುದು ಲೆಕ್ಕದ ಪುಸ್ತಕ

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ಹಗಲು ತೋಟದ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿ ಪುಸ್ತಕ), ಸಂಜೆ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕ. ಕ್ಲಬ್ಬಿಗೆ ಖಜಾಂಚಿಯಾಗಿ ಒಂಬತ್ತು ವರ್ಷ ಆಯಿತು. ಲೀಗಿನ ನಡುವೆ ಆಟಗಾರರನ್ನು ಕೊಳ್ಳಲು ಇಂಗ್ಲೆಂಡಿನಲ್ಲಿ ಬಿಡುವುದು ಜನವರಿಯಲ್ಲಿ. ಆ ತಿಂಗಳು ಬಂತು ಅಂದರೆ ಹುಡುಗರೆಲ್ಲ ಅಲ್ಲಿ ಯಾವ ಕ್ಲಬ್ಬು ಯಾರನ್ನು ತಗೊಂಡಿತು ಅಂತ ಮೊಬೈಲ್ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಆ ಹಣ ಯಾವ ವರ್ಷದ ಪುಟಕ್ಕೆ ಬಿತ್ತು ಅನ್ನುವುದರ ಮೇಲೆ.

ಈ ಅಭ್ಯಾಸ ಬಂದಿದ್ದು ಒಂದು ತಪ್ಪಿನಿಂದ.

ನಮ್ಮ ಕಡೆಯ ಸಣ್ಣ ಲೀಗ್ ಮಳೆ ಮುಗಿದು ನವೆಂಬರಿನಲ್ಲಿ ಶುರುವಾಗುತ್ತದೆ. ಜನವರಿಯಲ್ಲಿ ಕಾಫಿ ಕುಯ್ಲು ಜೋರು. ಆಡುವ ಹುಡುಗರಲ್ಲಿ ಅರ್ಧದಷ್ಟು ಜನ ತೋಟದಲ್ಲೇ ಇರುತ್ತಾರೆ, ಹಾಗಾಗಿ ಪಂದ್ಯ ನಿಲ್ಲುತ್ತದೆ. ಆ ಬಿಡುವಿನಲ್ಲಿ ಪ್ರತಿ ತಂಡ ಇಬ್ಬರನ್ನು ಹೊಸದಾಗಿ ಸೇರಿಸಿಕೊಳ್ಳಬಹುದು. 2023ರ ಜನವರಿಯಲ್ಲಿ ನಾವು ಕಣ್ಣೂರಿನಿಂದ ಒಬ್ಬ ಫಾರ್ವರ್ಡನ್ನು, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನನ್ನು, ಗೆಸ್ಟ್ ಆಟಗಾರನಾಗಿ ಕರೆಸಿದೆವು. ಕೈಯಲ್ಲಿ ದುಡ್ಡು ಇರಲಿಲ್ಲ. ತೋಟದ ಮಾಲೀಕರೊಬ್ಬರು, 'ಕಾಫಿ ಕೊಟ್ಟ ಮೇಲೆ 30,000 ಕೊಡ್ತೇನೆ' ಅಂದಿದ್ದರು. ಆ ಮಾತನ್ನು ನಾನು ಬಂದ ಹಣ ಅಂತಲೇ ಬರೆದುಬಿಟ್ಟೆ. ರೇಟು ಏರುತ್ತಿತ್ತು, ಅವರು ಕಾಫಿ ಮಾರದೆ ಗೋಡೌನಿನಲ್ಲೇ ಇಟ್ಟರು. ಅವರ ಲೆಕ್ಕದಲ್ಲಿ ಅದು ಸರಿಯೇ. ಲೀಗ್ ಮುಗಿದ ದಿನ ಆ ಹುಡುಗ ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಂತಿದ್ದ. ನಾನು ಅವನ ಕೈಗೆ ಕೊಟ್ಟಿದ್ದು ಬಸ್ ಚಾರ್ಜ್ ಮಾತ್ರ. 'ಪರವಾಗಿಲ್ಲ ಅಣ್ಣ, ಆಮೇಲೆ ಹಾಕಿ' ಅಂದ. ಅವನ ಹಣ ಪೂರ್ತಿ ಮುಟ್ಟಿಸುವಾಗ ಜೂನ್ ಮಳೆ ಹಿಡಿದಿತ್ತು. ಅದು ಇವತ್ತಿಗೂ ನನಗೆ ನೋವು.

ಅದಾಗಿ ಒಂದು ವರ್ಷಕ್ಕೆ, 2024ರ ಮಾರ್ಚಿನಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 4 ಅಂಕ ಕತ್ತರಿಸಿದರು. ಯಾಕೆ ಅಂತ ಓದುತ್ತಾ ಹೋದೆ. ಅಲ್ಲಿಯ ಮೇಲಿನ ಹಂತದ ಲೀಗಾದ ಪ್ರೀಮಿಯರ್ ಲೀಗಿನ ಆಗಿನ ನಿಯಮದಲ್ಲಿ ಒಂದು ಕ್ಲಬ್ಬು ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡಿನವರೆಗೆ ನಷ್ಟ ಮಾಡಬಹುದು. ಅದರಲ್ಲೂ 1.5 ಕೋಟಿ ಮೀರಿದ್ದನ್ನು ಮಾಲೀಕರು ತಮ್ಮ ಕೈಯಿಂದ ತುಂಬಬೇಕು. ಫಾರೆಸ್ಟ್ ಆ ಮೂರರಲ್ಲಿ ಎರಡು ವರ್ಷ ಕೆಳಗಿನ ಹಂತದಲ್ಲಿ ಇದ್ದದ್ದರಿಂದ ಅವರ ಮಿತಿ 6.1 ಕೋಟಿ. ಅದನ್ನು 3.45 ಕೋಟಿ ಮೀರಿದ್ದರು. ಅವರಲ್ಲೇ ಬೆಳೆದ ಬ್ರೆನ್ನನ್ ಜಾನ್ಸನ್‌ನನ್ನು ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿಗೆ ಮಾರಿದ್ದರು ನಿಜ. ಆದರೆ ಮಾರಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಅವರ ಲೆಕ್ಕದ ವರ್ಷ ಮುಗಿದದ್ದು ಜೂನ್ 30ಕ್ಕೆ. ಕಾದದ್ದರಿಂದ ಒಳ್ಳೆ ಬೆಲೆ ಬಂತು ಅಂತ ವಾದ ಮಾಡಿದರು. ಅದು ನಡೆಯಲಿಲ್ಲ.

ತೋಟದ ರೈಟರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ಕುಯ್ದ ಕಾಫಿಯನ್ನು ಏಪ್ರಿಲಿನಲ್ಲಿ ಮಾರಿದರೆ ಆ ಹಣ ಮಾರ್ಚ್ 31ರ ಲೆಕ್ಕಕ್ಕೆ ಬರುವುದಿಲ್ಲ. ಕಣದಲ್ಲಿ ಕಣ್ಣೆದುರಿಗೇ ಒಣಗುತ್ತಿದ್ದರೂ ಅದು ಇನ್ನೂ ದುಡ್ಡಲ್ಲ.

ಫಾರೆಸ್ಟ್‌ಗೂ ಮುಂಚೆ, 2023ರ ನವೆಂಬರಿನಲ್ಲಿ, ನಷ್ಟದ ಮಿತಿ ಮೀರಿದ್ದಕ್ಕೇ ಎವರ್ಟನ್ ಕ್ಲಬ್ಬಿಗೆ 10 ಅಂಕ ಹೋಗಿತ್ತು. ಅಪೀಲಿನ ಮೇಲೆ ಅದು 6ಕ್ಕೆ ಇಳಿಯಿತು. ಈ ಹೆದರಿಕೆ ಮಾರ್ಕೆಟ್ಟಿನಲ್ಲೇ ಕಾಣುತ್ತಿತ್ತು. 2023ರ ಜನವರಿಯಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಸುಮಾರು 81.5 ಕೋಟಿ ಪೌಂಡ್ ಸುರಿದಿದ್ದವು. ಮುಂದಿನ ಜನವರಿಯಲ್ಲಿ ಹೆಚ್ಚುಕಡಿಮೆ 10 ಕೋಟಿ, ಅಷ್ಟೇ.

ಆ ಬೇಸಿಗೆಯಲ್ಲಿ ಕ್ಲಬ್ಬಿನ ಸಭೆ ಕರೆದು ನಾಲ್ಕು ಮಾತು ಬರೆಸಿದೆ. ನಮ್ಮ ಪುಸ್ತಕ ಏಪ್ರಿಲ್ 30ಕ್ಕೆ ಮುಚ್ಚುತ್ತದೆ. ಕೊಡ್ತೇನೆ ಅಂದ ಹಣವನ್ನು ಪೆನ್ಸಿಲಿನಲ್ಲಿ ಬರೆಯುವುದು, ಕೈಗೆ ಬಂದ ಹಣವನ್ನು ಪೆನ್ನಿನಲ್ಲಿ. ಆಟಗಾರನಿಗೆ ಮಾತು ಕೊಡುವುದು ಪೆನ್ನಿನ ಮೊತ್ತದ ಮೇಲೆ ಮಾತ್ರ. ಮಕ್ಕಳ ತಂಡದ ಶೂ, ಚೆಂಡಿನ ಖರ್ಚನ್ನು ಆಟಗಾರರ ಈ ಖರ್ಚಿಗೆ ಸೇರಿಸುವ ಹಾಗಿಲ್ಲ. ಇದು ಅಲ್ಲಿಯ ನಿಯಮದಿಂದಲೇ ತಗೊಂಡದ್ದು. ಎಳೆಯರ ತಂಡಕ್ಕೆ ಹಾಕಿದ ಹಣವನ್ನು ಅಲ್ಲಿ ನಷ್ಟ ಅಂತ ಎಣಿಸುತ್ತಿರಲಿಲ್ಲ. ಆ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಅದೇ.

ಈ ಜನವರಿಯಲ್ಲಿ ನಮ್ಮ ಫಾರ್ವರ್ಡಿಗೆ ಮೊಣಕಾಲು ತಿರುಚಿತು. ಎರಡನೇ ದಿನ ಸಂಜೆ ಕ್ಯಾಪ್ಟನ್ ಕಣಕ್ಕೇ ಬಂದ. ನಾನು ಹರಡಿದ ಕಾಫಿಯನ್ನು ಗುಡ್ಡೆ ಮಾಡಿಸಿ ಟಾರ್ಪಾಲ್ ಹೊದಿಸುತ್ತಿದ್ದೆ.

'ಅಣ್ಣ, ಕಣ್ಣೂರಿನ ಹುಡುಗ ಮತ್ತೆ ಬರ್ತಾನಂತೆ. ಎಂಟು ಮ್ಯಾಚ್.'

ಮೂಟೆಯ ಮೇಲೆ ಕೂತು ಲೆಕ್ಕ ಹಾಕಿದೆವು. ಪಂದ್ಯಕ್ಕೆ 2,500, ಬಸ್ಸು ಊಟ ಸೇರಿ 800. ಎಂಟಕ್ಕೆ 26,400. ಪೆನ್ನಿನಲ್ಲಿ ಇದ್ದದ್ದು 14,200. ಪೆನ್ಸಿಲಿನಲ್ಲಿ ಇನ್ನೂ 25,000 ಇತ್ತು.

ಕ್ಯಾಪ್ಟನ್ ಬಿಡಲಿಲ್ಲ. 'ಚೆಲ್ಸಿ ಹಾಗೆ ಹಂಚಿ ಬರೆಯೋಣ ಅಣ್ಣ' ಅಂದ. ಅವನು ಹೇಳಿದ್ದು ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬು ಕೊಂಡ ಎನ್ಸೋ ಫೆರ್ನಾಂಡಿಸ್ ಅನ್ನುವ ಆಟಗಾರನ ವಿಷಯ. 2023ರ ಜನವರಿಯಲ್ಲಿ 10 ಕೋಟಿ ಪೌಂಡಿಗೂ ಜಾಸ್ತಿ ಕೊಟ್ಟು ಎಂಟೂವರೆ ವರ್ಷದ ಕರಾರು ಮಾಡಿಸಿದ್ದರು. ಕೊಂಡ ಬೆಲೆಯನ್ನು ಆಗ ಲೆಕ್ಕದಲ್ಲಿ ಕರಾರಿನ ಅಷ್ಟೂ ವರ್ಷಕ್ಕೆ ಹಂಚಬಹುದಿತ್ತು. ಒಬ್ಬನನ್ನು ನಾಲ್ಕು ಕೋಟಿಗೆ ನಾಲ್ಕು ವರ್ಷಕ್ಕೆ ತಗೊಂಡರೆ ವರ್ಷಕ್ಕೆ ಬೀಳುವುದು ಒಂದೇ ಕೋಟಿ. ಜನವರಿಯಲ್ಲಿ ತಗೊಂಡರೆ ಆ ವರ್ಷ ಅರ್ಧ ಕೋಟಿ ಅಷ್ಟೇ. ಚೆಲ್ಸಿ ಇದನ್ನು ತೀರಾ ಉದ್ದಕ್ಕೆ ಎಳೆಯಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಆ ಬೇಸಿಗೆಯಿಂದ, ಪ್ರೀಮಿಯರ್ ಲೀಗ್ ಡಿಸೆಂಬರಿನಿಂದ, ಹೊಸ ಕರಾರುಗಳಿಗೆ ಐದು ವರ್ಷಕ್ಕಿಂತ ಹೆಚ್ಚು ಹಂಚಬಾರದು ಅಂತ ಮಾಡಿದವು. ಅದೇ ಲೆಕ್ಕದ ಇನ್ನೊಂದು ಮುಖ ಮಾರುವಾಗ ಕಾಣುತ್ತದೆ. ಆ ನಾಲ್ಕು ಕೋಟಿಯವನನ್ನು ಎರಡು ವರ್ಷ ಬಿಟ್ಟು ಮೂರು ಕೋಟಿಗೆ ಮಾರಿದರೆ ಪುಸ್ತಕದಲ್ಲಿ ಇನ್ನೂ ಎರಡು ಕೋಟಿ ಉಳಿದಿರುತ್ತದೆ, ಲಾಭ ಒಂದು ಕೋಟಿ. ಕ್ಲಬ್ಬಿನಲ್ಲೇ ಬೆಳೆದವನನ್ನು ಮಾರಿದರೆ ಮೂರಕ್ಕೆ ಮೂರೂ ಲಾಭ. ಜಾನ್ಸನ್‌ನಂಥ ಮನೆಮಕ್ಕಳನ್ನೇ ಕ್ಲಬ್ಬುಗಳು ಮೊದಲು ಮಾರುವುದು ಇದಕ್ಕೇ. ಅದು ನನಗೆ ಸರಿ ಕಾಣುವುದಿಲ್ಲ. ಎಳೆಯರನ್ನು ಬೆಳೆಸಿ ಅಂತ ಹೇಳುತ್ತಿದ್ದ ನಿಯಮವೇ ಬೆಳೆದವರನ್ನು ಮಾರಿಸುತ್ತಿತ್ತು.

ಕ್ಯಾಪ್ಟನ್‌ಗೆ ಹೇಳಿದೆ: 'ನೋಡು, ಹಂಚಿ ಬರೆಯುವುದು ನಿಯಮಕ್ಕೆ ಆಗುತ್ತೆ, ಜೇಬಿಗೆ ಆಗಲ್ಲ. ಆ ಹುಡುಗನಿಗೆ ಭಾನುವಾರ ಪಂದ್ಯ ಮುಗಿದ ಕೂಡಲೇ ಪೂರ್ತಿ ಹಣ ಬೇಕು.' ದೊಡ್ಡ ಕ್ಲಬ್ಬಿಗೆ ಬ್ಯಾಂಕಿದೆ, ಮಾಲೀಕ ಇದ್ದಾನೆ. ಮಿತಿಯೊಳಗೆ ಬಂದರೆ ಅವರಿಗೆ ಸಾಕು. ನಮಗೆ ಪೆಟ್ಟಿಗೆಯಲ್ಲಿ ಇದ್ದದ್ದೇ ಮಿತಿ.

ಕತ್ತಲಾಗುವವರೆಗೆ ಕೂತು ಒಂದು ದಾರಿ ಮಾಡಿದೆವು. ಕಣ್ಣೂರಿನವನನ್ನು ಮೇಲಿನ ಮೂರು ತಂಡಗಳ ಎದುರು ಮಾತ್ರ ಕರೆಸುವುದು. 9,900. ನಮ್ಮ ಎರಡನೇ ಗೋಲ್‌ಕೀಪರಿಗೆ ಆಡುವ ಅವಕಾಶವೇ ಸಿಗುತ್ತಿರಲಿಲ್ಲ. ಅವನನ್ನು ಏಪ್ರಿಲ್‌ವರೆಗೆ ಪಕ್ಕದೂರ ತಂಡಕ್ಕೆ ಎರವಲು ಕೊಟ್ಟೆವು, ಊಟ ಪ್ರಯಾಣ ಅವರದು. ದೊಡ್ಡ ಕ್ಲಬ್ಬುಗಳೂ ಜನವರಿಯಲ್ಲಿ ಕೊಳ್ಳಲಾಗದಿದ್ದರೆ ಹೀಗೇ ಎರವಲಿಗೆ ಇಳಿಯುತ್ತವೆ. ಉಳಿದ ಐದು ಪಂದ್ಯಕ್ಕೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹದಿನಾರರ ಹುಡುಗ. ರಜೆ ದಿನ ಅಮ್ಮನ ಜೊತೆ ಬಂದು ಮೂಟೆ ತೂಕಕ್ಕೆ ಇಡಲು ಕೈಜೋಡಿಸಿ, ಐದು ಗಂಟೆಗೆ ನೇರ ಮೈದಾನಕ್ಕೆ ಓಡುತ್ತಿದ್ದ. ಕಾಫಿ ಹಣ್ಣಿನ ಅಂಟು ಬೆರಳಲ್ಲಿ ಕಪ್ಪಗೆ ಹಿಡಿದಿರುತ್ತಿತ್ತು. ಮೊದಲ ಪಂದ್ಯದಲ್ಲಿ ಚೆಂಡು ಸಿಕ್ಕಿದ ಕೂಡಲೇ ಪಾಸ್ ಕೊಟ್ಟು ಕೈ ತೊಳೆದುಕೊಳ್ಳುವವನ ಹಾಗೆ ಹಿಂದೆ ಸರಿಯುತ್ತಿದ್ದ. ಮೂರನೆಯದರಲ್ಲಿ ಇಬ್ಬರನ್ನು ದಾಟಿಸಿ ಎಡಗಾಲಲ್ಲಿ ಗೋಲು ಹೊಡೆದ. ಐದರಲ್ಲಿ ಎರಡು ಗೋಲು.

ಹೋದ ವರ್ಷ ಎರಡನೇ ಸ್ಥಾನ ಬಂದಿತ್ತು, ಈ ಸಲ ನಾಲ್ಕನೆಯದು. ಎಂಟೂ ಪಂದ್ಯಕ್ಕೆ ಆ ಫಾರ್ವರ್ಡ್ ಇದ್ದಿದ್ದರೆ ಮೇಲೆ ಹೋಗುತ್ತಿದ್ದೆವು ಅಂತ ಕ್ಯಾಪ್ಟನ್ ಈಗಲೂ ಹೇಳುತ್ತಾನೆ. ಅವನು ಹೇಳುವುದು ನಿಜ ಇರಬಹುದು. ಕಣ್ಣೂರಿನ ಹುಡುಗನಿಗೆ ಮೂರೂ ಸಲ ಮೈದಾನದ ಬದಿಯಲ್ಲೇ ಹಣ ಎಣಿಸಿ ಕೊಟ್ಟೆ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ.

ಪೆನ್ಸಿಲಿನ 25,000 ಬಂದದ್ದು ಮೇ 9ಕ್ಕೆ, ಒಳ್ಳೆಮೆಣಸು ಮಾರಿದ ಮೇಲೆ. ಅಷ್ಟರಲ್ಲಿ ಹಳೆ ಪುಸ್ತಕ ಮುಚ್ಚಿತ್ತು. ಅಲ್ಲಿದ್ದ ಪೆನ್ಸಿಲ್ ಸಾಲನ್ನು ಅಳಿಸಿದೆ. ಹೊಸ ವರ್ಷದ ಮೊದಲ ಪುಟ ತೆಗೆದು ಅದನ್ನೇ ಪೆನ್ನಿನಲ್ಲಿ ಬರೆದೆ.