ಕೊನೆಯ ಸ್ಥಾನದಿಂದ ಕಪ್‌ವರೆಗೆ: ಹಾಕಿ ತಂಡ ಕಟ್ಟುವುದು ಹೇಗೆ?

ಹಾಕಿ ಅಂದರೆ ನಮಗೆ ಕೊಡಗು, ಹುಲ್ಲಿನ ಮೈದಾನ. ಇದು ಬೇರೆ, ಮಂಜುಗಡ್ಡೆ ಮೇಲಿನ ಆಟ. ಅಮೆರಿಕ-ಕೆನಡಾದ ಎನ್‌ಎಚ್‌ಎಲ್‌ ಲೀಗ್‌ನಲ್ಲಿ ಕೊಲರಾಡೊ ಅವಲಾಂಚ್ ತಂಡ 2016–17ರಲ್ಲಿ 82 ಪಂದ್ಯ ಆಡಿ ಗೆದ್ದಿದ್ದು ಬರೀ 22. ಲೀಗ್‌ಗೇ ಕೊನೆ. ಅದೇ ತಂಡ 2022ರಲ್ಲಿ ಲೀಗ್ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿತು. ದುಡ್ಡು ಸುರಿದು ಅಲ್ಲ, ಅಲ್ಲಿ ಎಲ್ಲ ತಂಡಗಳಿಗೂ ಸಂಬಳದ ಮಿತಿ ಇದೆ.

ಮೊದಲು ಡ್ರಾಫ್ಟ್, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ, ಅರ್ಥವಾಗಬೇಕು. ಐಪಿಎಲ್ ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಆಟಗಾರ. ಇಲ್ಲಿ ಸೋತವರಿಗೆ ಮೊದಲ ಸರದಿ. ವರ್ಷಕ್ಕೊಮ್ಮೆ, ಏಳು ಸುತ್ತು, ಹೆಚ್ಚಾಗಿ 18ರ ಹುಡುಗರು. ಬೇಕಂತಲೇ ಸೋಲುವವರು ಇರ್ತಾರಲ್ವಾ? ಅದಕ್ಕೇ ಮೇಲಿನ ಸ್ಥಾನಗಳಿಗೆ ಲಾಟರಿ. 2017ರಲ್ಲಿ ಮೊದಲ ಸರದಿ ಸಿಗುವ ಅವಕಾಶ ಕೊಲರಾಡೊಗೇ ಹೆಚ್ಚು, ಶೇ 18. ಸಿಕ್ಕಿದ್ದು ನಾಲ್ಕನೆಯದು! ಆ ಸರದಿಯಲ್ಲಿ ಆರಿಸಿದ್ದು ಕೇಲ್ ಮಕಾರ್ ಎಂಬ ಡಿಫೆನ್ಸ್ ಆಟಗಾರನನ್ನು.

ಮುಂದಿನದೇ ಕಷ್ಟದ ಕೆಲಸ: ಕಾಯುವುದು. ತಂಡ ಮುಳುಗುತ್ತಿದ್ದರೂ ಮಕಾರ್‌ನನ್ನು ಅವಸರದಲ್ಲಿ ಕಣಕ್ಕಿಳಿಸಲಿಲ್ಲ. ಆತ ಎರಡು ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ. 2019ರಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಾದ. ಕೆಲವೇ ದಿನಗಳಲ್ಲಿ ನೇರ ಪ್ಲೇಆಫ್‌ಗೆ ಬಂದು ಮೊದಲ ಪಂದ್ಯದಲ್ಲೇ ಗೋಲು ಹೊಡೆದ. 2022ರ ಪ್ಲೇಆಫ್‌ನ ಶ್ರೇಷ್ಠ ಆಟಗಾರನೂ ಅವನೇ. ಕಾಯಿ ಕಿತ್ತು ಹಣ್ಣು ಮಾಡಲು ಹೋಗಿದ್ದರೆ ಇದೆಲ್ಲ ಆಗುತ್ತಿತ್ತೇ? ನನಗಂತೂ ಅನುಮಾನ.

ಹೊರಡಬೇಕು ಅನ್ನುವ ಆಟಗಾರನನ್ನು ಸುಮ್ನೆ ಬಿಟ್ಟುಕೊಡಬೇಡಿ. ಮ್ಯಾಟ್ ಡುಶೇನ್ ವಿಷಯದಲ್ಲಿ ಜನರಲ್ ಮ್ಯಾನೇಜರ್ ಜೋ ಸ್ಯಾಕಿಕ್ ತಿಂಗಳುಗಟ್ಟಲೆ ಟೀಕೆ ಕೇಳಿಸಿಕೊಂಡರು, ಬೆಲೆ ಮಾತ್ರ ಇಳಿಸಲಿಲ್ಲ. 2017ರ ನವೆಂಬರ್‌ನಲ್ಲಿ ಆಟಗಾರರನ್ನೂ ಡ್ರಾಫ್ಟ್ ಸರದಿಗಳನ್ನೂ ಅದಲುಬದಲು ಮಾಡುವ ಮೂರು ತಂಡಗಳ ವ್ಯವಹಾರ ಕುದುರಿತು. ಸ್ಯಾಮ್ಯುಯೆಲ್ ಜಿರಾರ್ಡ್ ಬಂದ. ಜೊತೆಗೆ ಬಂದ ಡ್ರಾಫ್ಟ್ ಸರದಿಯೊಂದರಲ್ಲಿ 2019ರಲ್ಲಿ ಬೋವೆನ್ ಬೈರಮ್ ಸಿಕ್ಕ. ಇಬ್ಬರೂ ಕಪ್ ಗೆದ್ದ ತಂಡದಲ್ಲಿದ್ದರು.

ಇನ್ನುಳಿದ ತೂತು ಮುಚ್ಚಲು ಅಗ್ಗದ ಸರಕು ಹುಡುಕಿ. ಡೆವನ್ ಟೇವ್ಸ್ ಬಂದಿದ್ದು ಡ್ರಾಫ್ಟ್‌ನ ಎರಡನೇ ಸುತ್ತಿನ ಎರಡು ಸರದಿ ಬಿಟ್ಟುಕೊಟ್ಟಿದ್ದಕ್ಕೆ. ವಲೆರಿ ನಿಚುಶ್ಕಿನ್ 2018–19ರಲ್ಲಿ ಡಲ್ಲಾಸ್ ತಂಡದಲ್ಲಿ 57 ಪಂದ್ಯ ಆಡಿ ಒಂದೂ ಗೋಲು ಹೊಡೆದಿರಲಿಲ್ಲ. ಅವರು ಕೈಬಿಟ್ಟ ಮೇಲೆ ಕೊಲರಾಡೊ ಕರೆದುಕೊಂಡಿತು.

ಕೋಚ್‌ನನ್ನು ಓಡಿಸಬೇಡಿ. ಆ 22 ಗೆಲುವಿನ ವರ್ಷ ಜೇರೆಡ್ ಬೆಡ್ನಾರ್ ಅವರಿಗೆ ಎನ್‌ಎಚ್‌ಎಲ್‌ನಲ್ಲಿ ಮೊದಲ ವರ್ಷ. ಕಪ್ ಗೆದ್ದಾಗಲೂ ಅವರೇ ಕೋಚ್.

ಒಂದು ಎಚ್ಚರಿಕೆ. ಒಳ್ಳೆ ಸರದಿ ಸಿಕ್ಕರೆ ಸಾಕು ಅಂತಿಲ್ಲ. ಬಫಲೊ ಸೇಬರ್ಸ್‌ಗೆ 2015ರಲ್ಲಿ ಎರಡನೇ ಸರದಿ, 2018 ಮತ್ತು 2021ರಲ್ಲಿ ಮೊದಲನೆಯದೇ ಸಿಕ್ಕಿತ್ತು. ಆದರೂ 2025ರವರೆಗೆ ಸತತ 14 ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ. ಕೊಲರಾಡೊದಲ್ಲಿ ಮೆಕಿನನ್, ರಾಂಟನೆನ್, ಲಾಂಡೆಸ್ಕೋಗ್‌ರಂಥ ಒಳ್ಳೆ ಆಟಗಾರರು ಆ ಕೊನೆಯ ಸ್ಥಾನದ ವರ್ಷದಲ್ಲೇ ಇದ್ದರು. ಸೋತ ಸಿಟ್ಟಿನಲ್ಲಿ ಅವರನ್ನು ಮಾರಲಿಲ್ಲ.

ಕಪ್ ಕೈಗೆ ಬಂದಾಗ ನಾಯಕ ಲಾಂಡೆಸ್ಕೋಗ್ ಅದನ್ನು ಮೊದಲು ದಾಟಿಸಿದ್ದು ಎರಿಕ್ ಜಾನ್ಸನ್‌ಗೆ. 2011ರಿಂದ ತಂಡದಲ್ಲಿದ್ದು, ಆ ಕೊನೆಯ ಸ್ಥಾನವನ್ನೂ ಕಂಡವರು ಅವರು.