ಕಲ್ಲಚ್ಚಿನಲ್ಲಿ ಒಂದು ಮಡಕೆಯ ಕೊರಳು

ಅಮೆರಿಕದ ಅಲ್ಬುಕರ್ಕಿಯಲ್ಲಿ ಕಲ್ಲಚ್ಚು (ಲಿಥೊಗ್ರಫಿ) ಕಲಿಯುತ್ತಿದ್ದಾಗ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಒಬ್ಬ ಅಜ್ಜಿ ನನಗಾಗಿ ಎರಡು ಮಧ್ಯಾಹ್ನ ಕೂತಿದ್ದರು. ಮಡಕೆ ಮಾಡುವವರು, ಅರಿಜೋನಾದ ಶಾಂಟೊ ಕಡೆಯವರು. ಉದ್ದ ತೋಳಿನ ಮಖಮಲ್ ರವಿಕೆ, ಬಿಳಿ ಉಣ್ಣೆ ದಾರ ಸುತ್ತಿದ ತುರುಬು, ತೊಡೆಯ ಮೇಲೆ ಅವರದೇ ಮಡಕೆ. ಫೋಟೊ ಬೇಡ, ಬೇಕಾದರೆ ಚಿತ್ರ ಬರೆದುಕೋ ಎಂದರು.

ನವಾಹೊ ಹೆಂಗಸರ ಕಲ್ಲಚ್ಚು ಎಂದರೆ ಆ ಸೀಮೆಯಲ್ಲಿ ಕಲಾವಿದ ಆರ್.ಸಿ. ಗೋರ್ಮನ್ (1931–2005) ಹೆಸರು ಬಂದೇ ಬರುತ್ತದೆ. ಅವರೂ ನವಾಹೊ. ನಾಲ್ಕು ಗೆರೆ ಎಳೆದರೆ ಕಂಬಳಿ ಹೊದ್ದ ಹೆಂಗಸು ಎದ್ದು ಕೂರುತ್ತಾಳೆ. ನನಗೆ ಆ ಧಾರಾಳತನ ಇಲ್ಲ, ನಾನು ಸುಕ್ಕು ಎಣಿಸುವ ಪೈಕಿ.

ಸುಣ್ಣಕಲ್ಲನ್ನು ಕಾರ್ಬೊರಂಡಂ ಪುಡಿ, ನೀರು ಹಾಕಿ ಉಜ್ಜಿ ಹದ ಮಾಡಿ, ಜಿಡ್ಡಿನ ಕ್ರೇಯಾನಿನಲ್ಲಿ ಬರೆದೆ. ಜಿಡ್ಡು ಶಾಯಿಯನ್ನು ಹಿಡಿಯುತ್ತದೆ, ಒದ್ದೆ ಕಲ್ಲು ಬಿಡುತ್ತದೆ; ವಿದ್ಯೆಯೆಲ್ಲ ಇಷ್ಟೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಹೀಗೇ.

ಕಷ್ಟಪಟ್ಟದ್ದು ಮಡಕೆಯ ಹೊಳಪಿಗೆ. ನವಾಹೊ ಮಡಕೆಯನ್ನು ಸುಟ್ಟ ಮೇಲೆ ಬಿಸಿ ಆರುವ ಮೊದಲೇ ಪಿನ್ಯೋನ್ ಮರದ ಅಂಟನ್ನು ಕರಗಿಸಿ ಬಳಿಯುತ್ತಾರೆ. ಜೋನಿಬೆಲ್ಲ ಸವರಿದಂತೆ ಕಂದು ಮಿರುಗು. ಕಲ್ಲಿನಲ್ಲಿ ಬಿಳಿ ಬರೆಯಲಾಗದು, ಮುಟ್ಟದೆ ಬಿಡಬೇಕು. ಸುತ್ತಲೂ ಕಪ್ಪು ಕೂರಿಸುತ್ತ, ಹೊಳಪಿನ ಜಾಗವನ್ನು ಉಸಿರು ಬಿಗಿಹಿಡಿದು ಕಾದೆ. ಆಮೇಲೆ ಗೋಂದಿಗೆ ಕೆಲವು ಹನಿ ನೈಟ್ರಿಕ್ ಆಮ್ಲ ಬೆರೆಸಿ ಬಳಿದು, ಮರುದಿನ ಶಾಯಿ ಹಾಯಿಸಿದೆ. ಮೊದಲ ಪ್ರತಿಯಲ್ಲಿ ಹೊಳಪು ಬಂದಿತ್ತು. ತುರುಬಿನ ಪಕ್ಕ ನನ್ನ ಹೆಬ್ಬೆಟ್ಟೂ ಬಂದಿತ್ತು. ಬೆರಳಿನ ಜಿಡ್ಡನ್ನೂ ಕಲ್ಲು ಮರೆಯುವುದಿಲ್ಲ.

ಅಜ್ಜಿ ಮುಖ ನೋಡಲೇ ಇಲ್ಲ. ಮಡಕೆಯ ಕೊರಳಿಗೆ ಬೆರಳಿಟ್ಟು, “ದಾರಿ ಮುಚ್ಚಿಬಿಟ್ಟೆಯಲ್ಲ?” ಎಂದರು. ಕೊರಳ ಸುತ್ತ ಮಣಿಸರದಂಥ ಮಣ್ಣಿನ ಪಟ್ಟಿ, ಅದಕ್ಕೆ ‘ಬಿಯೊ’ ಎನ್ನುತ್ತಾರೆ. ಅದು ಒಂದು ಕಡೆ ತುಂಡಾಗಿರಬೇಕು, ಆ ತೆರಪೇ ಅಜ್ಜಿ ಹೇಳಿದ ದಾರಿ. ಮಡಕೆಯಲ್ಲಿ ತುಂಡಾಗಿಯೇ ಇತ್ತು. ಎಲ್ಲೋ ತಾಗಿ ಉದುರಿದೆ ಎಂದುಕೊಂಡು ನಾನೇ ಜಾಣತನದಿಂದ ಸರಿಮಾಡಿದ್ದೆ!

ಪುಣ್ಯಕ್ಕೆ ಕಲ್ಲಚ್ಚಿನಲ್ಲಿ ಸೇರಿಸುವುದಕ್ಕಿಂತ ತೆಗೆಯುವುದು ಸುಲಭ. ಬ್ಲೇಡಿನಿಂದ ಅಲ್ಲಿ ಮೆಲ್ಲಗೆ ಕೆರೆದು, ಆ ಜಾಗಕ್ಕಷ್ಟೇ ಮತ್ತೆ ಆಮ್ಲದ ಗೋಂದು ಮುಟ್ಟಿಸಿದೆ. ಹೆಬ್ಬೆಟ್ಟೂ ಹೋಯಿತು. ಮುಂದಿನ ಪ್ರತಿ ಒತ್ತಿದಾಗ ಅಜ್ಜಿ ಪ್ರೆಸ್ಸಿನ ಪಕ್ಕವೇ ನಿಂತಿದ್ದರು. ಕಾಗದ ಎತ್ತಿದೆ. ಕನ್ನಡಿಯಂತೆ ಎಲ್ಲವೂ ತಿರುಗಾಮುರುಗಾ: ಎಡಕ್ಕಿದ್ದ ದಾರಿ ಬಲಕ್ಕೆ ಬಂದಿತ್ತು. ನಾನು ಅಳುಕಿದೆ.

“ಪರವಾಗಿಲ್ಲ, ತೆರೆದಿದೆಯಲ್ಲ,” ಎಂದು ಆಗ ಮುಖದ ಕಡೆ ನೋಡಿದರು. “ಇಷ್ಟೊಂದು ಸುಕ್ಕು ಇದೆಯೇನು ನನಗೆ?”