ಡ್ರಾಯಿಂಗ್ ಇ-ಮೇಲ್ ಅರ್ಥವಾಗದಿದ್ದರೆ ಫೋನ್ ಎತ್ತಿ: ನನ್ನ ಅನುಭವ

'ರಿವೈಸ್ಡ್ ಡ್ರಾಯಿಂಗ್ ಕಳಿಸಿದೆ, ಅದರಂತೆ ಮಾಡಿ ಬೇಗ ಕೊಡಿ.' ಪೀಣ್ಯದಲ್ಲಿ ಜಾಬ್‌ವರ್ಕ್ (ಗಿರಾಕಿ ಕಂಪನಿಯ ಡ್ರಾಯಿಂಗ್ ನೋಡಿ ಬಿಡಿಭಾಗ ಮಾಡಿಕೊಡುವ ಕೆಲಸ) ಮಾಡುವವರಿಗೆ ಇಂಥ ಮೇಲ್ ಹೊಸದಲ್ಲ. ಫೋನ್ ಮಾಡಿ ಕೇಳಿದರೆ 'ಇವರಿಗೆ ಡ್ರಾಯಿಂಗ್ ಓದೋಕೇ ಬರಲ್ಲ' ಅಂದುಕೊಳ್ತಾರೆ ಅನ್ನೋದು ನಮ್ಮ ಪಾರ್ಟ್‌ನರ್ ವಾದವಾಗಿತ್ತು. ಫೋನ್ ಮಾಡಿ ಕೇಳೋಕೆ ಶುರು ಮಾಡಿದ ಮೇಲೆ, ತಿಂಗಳಿಗೆ ಮೂರ್ನಾಲ್ಕು ಬರುತ್ತಿದ್ದ ಡೆಬಿಟ್ ನೋಟ್ (ತಪ್ಪಾದ ಕೆಲಸಕ್ಕೆ ಗಿರಾಕಿ ನಮ್ಮ ಹಣ ಕಡಿಯುವ ಚೀಟಿ) ಈಗ ಎರಡು ತಿಂಗಳಿಗೊಂದು. ವಾದ ನಿಂತಿದೆ.

ಕಣ್ಣು ತೆರೆಸಿದ್ದು ಒಂದು ಬುಷ್ (ಕೊಳವೆಯಂಥ ಬಿಡಿಭಾಗ). ಇಎನ್8 ಉಕ್ಕು, ಬೋರ್ (ಒಳತೂತು) 25 ಎಚ್7, 8 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಜಿಂಕ್ ಪ್ಲೇಟಿಂಗ್. ಎಚ್7 ಅಂದರೆ ತೂತಿನ ವ್ಯಾಸ 25.000ದಿಂದ 25.021 ಮಿ.ಮೀ. ಒಳಗಿರಬೇಕು. ಅದು ಪ್ಲೇಟಿಂಗ್‌ಗೆ ಮುಂಚಿನ ಅಳತೆಯೋ ಆಮೇಲಿನದೋ, ಮೇಲ್‌ನಲ್ಲೂ ಇರಲಿಲ್ಲ, ಡ್ರಾಯಿಂಗಲ್ಲೂ ಇರಲಿಲ್ಲ. 25.010ಕ್ಕೆ ಬೋರ್ ಹೊಡೆದೆವು. ಎರಡೂ ಬದಿ ಪದರ ಕೂತು ವ್ಯಾಸ 16 ಮೈಕ್ರಾನ್ ಇಳಿದರೆ 24.994, ತೂತಿನ ಬಾಯಲ್ಲಂತೂ ಪದರ ಇನ್ನೂ ದಪ್ಪ. ಗೋ ಗೇಜ್ (ತೂತು ಸರಿಯಿದ್ದರೆ ಸಲೀಸಾಗಿ ಒಳಹೋಗಬೇಕಾದ ಅಳತೆಗೋಲು) ಅಲ್ಲೇ ಕಚ್ಚಿಕೊಂಡಿತು. 200 ಪೀಸಿಗೂ ಜಿಂಕ್ ತೆಗೆಸಿ, ಹೋನಿಂಗ್ (ತೂತನ್ನು ಒಳಗಿಂದ ಸವೆಸಿ ಅಳತೆಗೆ ತರುವುದು) ಮಾಡಿಸಿ, ಮತ್ತೆ ಪ್ಲೇಟಿಂಗ್: ಹತ್ತಿರಹತ್ತಿರ 14 ಸಾವಿರ. ಲೇಟ್ ಡೆಲಿವರಿ ಕಡಿತ ಬೇರೆ.

ಈಗ ಮೇಲ್ ಬಂದರೆ ಪ್ರಿಂಟ್ ತೆಗೆದು, ಅನುಮಾನ ಇರುವ ಕಡೆ ಕೆಂಪು ಪೆನ್ನು. ಪ್ರಶ್ನೆ ಮೂರಕ್ಕಿಂತ ಹೆಚ್ಚಿಲ್ಲ. 'ಇದು ಸರಿ ತಾನೆ ಸಾರ್?' ಅಂತ ಕೇಳಲೇಬಾರದು. 'ಹಾಂ ಹಾಂ, ಮಾಡಿ' ಅಂತಾರೆ, ಮುಗಿಯಿತು. 'ಅಳತೆ ಪ್ಲೇಟಿಂಗ್ ಮುಂಚೆಯಾ, ಆಮೇಲಾ?' ಅಂದರೆ ಅವರು ಡ್ರಾಯಿಂಗ್ ತೆರೆಯಲೇಬೇಕು. ತೆರೆದ ಕೂಡಲೇ ರಿವಿಷನ್ ಅಕ್ಷರ (ಡ್ರಾಯಿಂಗ್ ತಿದ್ದಿದಂತೆ ಬದಲಾಗುವ ಎ, ಬಿ, ಸಿ), ತಾರೀಖು ಇಬ್ಬರೂ ಓದಿ ಹೇಳಬೇಕು. ಅರ್ಧ ಗೊಂದಲ ಇಲ್ಲೇ ಸಿಗುತ್ತೆ: ನಮ್ಮ ಹತ್ತಿರ ಬಿ, ಅವರ ಮುಂದೆ ಸಿ. ಫೋನ್ ಮಾಡುವ ಹೊತ್ತು ಬೆಳಗ್ಗೆ ಹನ್ನೊಂದೂವರೆ, ಅವರ ಪ್ರೊಡಕ್ಷನ್ ಮೀಟಿಂಗ್ ಮುಗಿದ ಮೇಲೆ. 

ಫೋನ್ ಎತ್ತೋದು ಗಿರಾಕಿಯ ಪರ್ಚೇಸ್ (ಖರೀದಿ) ವಿಭಾಗ. ಪರ್ಚೇಸ್‌ನವರಿಗೆ ಅಳತೆ ಗೊತ್ತಿರಲ್ಲ, ಆದರೂ ಉತ್ತರ ಕೊಡ್ತಾರೆ. ಅದಕ್ಕೇ ಸೀದಾ ಡಿಸೈನ್‌ನವರಿಗೇ ಮಾಡಿದ್ದೂ ಆಯ್ತು. ಪರ್ಚೇಸ್‌ಗೆ ಮುನಿಸು ಬಂದು ಎರಡು ತಿಂಗಳು ಪಿಒ (ಪರ್ಚೇಸ್ ಆರ್ಡರ್) ಬೇರೆ ಶಾಪಿಗೆ ಹೋಯ್ತು. ಈಗ 'ಸಾರ್, ಡಿಸೈನ್‌ನವರನ್ನೂ ಲೈನಿಗೆ ತಗೊಳ್ಳಿ' ಅಂತ ಅವರಿಂದಲೇ ಸೇರಿಸಿಸುತ್ತೇವೆ.

ಫೋನ್ ಇಟ್ಟ ಹತ್ತು ನಿಮಿಷದೊಳಗೆ ಅದೇ ಮೇಲ್‌ಗೆ ಉತ್ತರ: 'ಮಾತಾಡಿದಂತೆ ರೆವ್ ಸಿ, ಎಚ್7 ಪ್ಲೇಟಿಂಗ್ ನಂತರ, 200 ಪೀಸ್. ಸಂಜೆ ನಾಲ್ಕರೊಳಗೆ ಬದಲಾವಣೆ ಹೇಳದಿದ್ದರೆ ಮೆಷಿನ್‌ಗೆ ಹಾಕ್ತೇವೆ.' ರೇಟ್ ಬದಲಾದರೆ ಇಷ್ಟು ಸಾಲದು. ಅಕೌಂಟ್ಸ್‌ನವರು ಬಿಲ್ಲನ್ನು ಪಿಒ ಜೊತೆ ತಾಳೆ ನೋಡ್ತಾರೆ, ಮೇಲ್ ನೋಡಲ್ಲ. ಪಿಒ ಅಮೆಂಡ್‌ಮೆಂಟ್ (ತಿದ್ದುಪಡಿ) ಕೈಗೆ ಬರೋವರೆಗೆ ಕಾಯಬೇಕು.

ನಡುವೆ ಮೂರು ವಾರ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲೇ ಮುಗಿಸೋಣ ಅಂತ ನೋಡಿದೆವು. ಯಾವ ಪಾರ್ಟ್ ನಂಬರ್ ಯಾವ ಮೆಸೇಜಲ್ಲಿದೆ ಅಂತ ಹುಡುಕೋದೇ ಒಂದು ಶಿಫ್ಟ್ ಕೆಲಸ, ಕೈಬಿಟ್ಟೆವು. ಹೊರದೇಶದವರಾದರೆ ತಾರೀಖು, ಹೊತ್ತು ಎರಡನ್ನೂ ನೋಡಿಕೊಳ್ಳಬೇಕು. ಅಮೆರಿಕದ ಗಿರಾಕಿ 05/06 ಅಂತ ಬರೆದರೆ ಅದು ಮೇ 6, ಜೂನ್ 5 ಅಲ್ಲ. ಹಾಗಾಗಿ ಫೋನಲ್ಲಿ ತಿಂಗಳ ಹೆಸರೇ ಹೇಳಿಸಿಕೊಳ್ಳುತ್ತೇವೆ. ನ್ಯೂಯಾರ್ಕಿನ ಬೆಳಗ್ಗೆ ಒಂಬತ್ತು ಅಂದರೆ ಅವರ ಬೇಸಿಗೆಯಲ್ಲಿ ಇಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ.

ಇಷ್ಟೆಲ್ಲ ಮಾಡಿಯೂ ಒಮ್ಮೆ ನೈಟ್ ಶಿಫ್ಟಿನ ಆಪರೇಟರ್ ಹಳೇ ಪ್ರಿಂಟ್ ನೋಡಿ 30 ಪೀಸ್ ಹೊಡೆದಿದ್ದ. ಫೋನಲ್ಲಿ ಏನು ತೀರ್ಮಾನವಾಯ್ತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಹಳೇ ಪ್ರಿಂಟ್ ಅಲ್ಲೇ ಹರಿದು, ಕೆಂಪು ಪೆನ್ನಿನದನ್ನು ಜಾಬ್ ಕಾರ್ಡಿಗೆ (ಕೆಲಸದ ಜೊತೆ ಮೆಷಿನ್‌ಗೆ ಹೋಗುವ ಚೀಟಿ) ಪಿನ್ ಹೊಡೆಯುತ್ತೇವೆ.